ಸೀರೆ ಯಾತಕ್ಕೆಂದು ಕೇಳುತ್ತಿದ್ದವರು

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮ್ಯಾನೇಜರ್ ಮಾಮಾನ ಫೋನು ಟಿಣ್ ಎಂದಿತು. ಆ ಹೊತ್ತು ನನಗೆ ಖಚಿತವಾಗಿ ನೆನಪಿದೆ, ಆಮೇಲೆ ಪೊಲೀಸರು ಕೇಳಿದಾಗಲೂ ಅದನ್ನೇ ಹೇಳಿದ್ದೆ. ಬನಹಟ್ಟಿಯ ನಮ್ಮ ಸೀರೆ ಅಂಗಡಿಗೆ ಆಗ ಎರಡನೇ ಚಹಾ ಬಂದಿತ್ತು. ಅವರು ಒಂದು ಕೈಯಲ್ಲಿ ಚಹಾದ ಬಸಿ, ಇನ್ನೊಂದರಲ್ಲಿ ಫೋನು ಹಿಡಿದು, ಕನ್ನಡಕವನ್ನು ಹಣೆಗೇರಿಸಿ ಓದಿದರು. ಮೊದಲು ನಕ್ಕರು. ಬೀಳಗಿ ಶಾಖೆಯಲ್ಲಿ ಒಂದು ಹಸಿರು ಸೀರೆ ಹೋಯಿತು ನೋಡು ಎಂದರು. ಆಮೇಲೆ ಅದೇ ಸಂದೇಶವನ್ನು ಇನ್ನೊಮ್ಮೆ ಓದಿ ಬಸಿಯನ್ನು ಕೆಳಗಿಟ್ಟರು. ಅವರು ಬಸಿಯಲ್ಲಿ ಚಹಾ ಉಳಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಸಿರು ಸೀರೆ ಕೊಂಡವಳು ಕೆಲವು ತಿಂಗಳ ಹಿಂದೆ ಗಂಡನ ಹೊಡೆತ ತಾಳದೆ ರಬಕವಿಯ ಮನೆ ಬಿಟ್ಟು ಹೋಗಿದ್ದ ಹುಡುಗಿ. ಅವಳು ಎಲ್ಲಿದ್ದಾಳೆಂದು ಗಂಡನಿಗೆ ಗೊತ್ತಿರಲಿಲ್ಲ. ಬಸುರಿಯೆಂಬುದೂ ಗೊತ್ತಿರಲಿಲ್ಲ. 'ಕುಬಸದ ಕಾರ್ಯಕ್ಕೆ ಶುಭಾಶಯಗಳು, ತೊಟ್ಟಿಲ ಕಾರ್ಯಕ್ಕೂ ನಮ್ಮಲ್ಲಿಗೇ ಬನ್ನಿ' ಎಂಬ ನಮ್ಮ ಅಂಗಡಿಯ ಸಂದೇಶ ಅದೇ ಗಳಿಗೆಯಲ್ಲಿ ಅವನ ಫೋನಿಗೂ ಹೋಗಿತ್ತು.

ಈ ವರ್ಷ ಯುಗಾದಿ ಆದ ಮೇಲೆ ಮಾಮಾ ತೀರಿಕೊಂಡರು. ಮನೆಗೆ ಮಾತನಾಡಿಸಲು ಹೋದಾಗ ಬಂದವರೆಲ್ಲ ಹೇಳುತ್ತಿದ್ದದ್ದು ಅವರು ತಮ್ಮನ್ನು ಏನೇನು ಕೇಳಿದ್ದರು ಎಂಬುದನ್ನೇ. ಒಬ್ಬರಿಗೆ, ನಿಮ್ಮ ಮೂಗು ನಿಮ್ಮಪ್ಪನದೋ ಅವ್ವನದೋ ಎಂದು ಕೇಳಿದ್ದರಂತೆ. ಇನ್ನೊಬ್ಬರಿಗೆ, ಬೀಗರ ಮನೆಯಲ್ಲಿ ಸಾರಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ ಎಂದು. ಸತ್ತವರ ಮನೆ ಎಂಬುದನ್ನು ಮರೆತು ಜನ ನಗುತ್ತಿದ್ದರು. ನಾನೂ ನಕ್ಕೆ. ಆದರೆ ನನಗೆ ಅವರು ಹೆಚ್ಚಾಗಿ ನೆನಪಾಗುವುದು ಅವರು ಕೇಳದೆ ಬಿಟ್ಟ ಒಂದು ಪ್ರಶ್ನೆಯಿಂದ. ಅದನ್ನು ಅಲ್ಲಿ ಯಾರಿಗೂ ಹೇಳಲಾಗಲಿಲ್ಲ.

ಅವರು ಜಮಖಂಡಿಯವರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕಲೆಸಿದ ಒಂದು ಭಾಷೆ. ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು, ಅವರಿಗಿಂತ ಹಿರಿಯರಾದ, ಅಂಗಡಿಯ ಒಡೆಯರಾದ ಸಾವಕಾರರೂ ಸಹ. ಬಿಲ್ಲಿನ ಕಂಪ್ಯೂಟರಿಗೆ ಕೂರುವ ಹುಡುಗಿಯಾಗಿ ನಾನು ಸೇರಿದ ದಿನ ನನ್ನ ಡಿಗ್ರಿಯನ್ನೇ ಹೆಸರು ಮಾಡಿ 'ಬೀಕಾಂ' ಎಂದು ಕರೆದರು, ಕೊನೆಯವರೆಗೂ ಹಾಗೇ ಕರೆದರು. ಎತ್ತರದ ಆಳು, ದೊಡ್ಡ ಹೊಟ್ಟೆ, ಹೆಜ್ಜೆ ಮಾತ್ರ ಸದ್ದಿಲ್ಲದ್ದು. ನಮ್ಮ ಊಟದ ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಹಾಗೇ ಮುಚ್ಚುತ್ತಿದ್ದರು. ತಿನ್ನಲಿಕ್ಕಲ್ಲ, ಯಾರ ಮನೆಯಲ್ಲಿ ಏನು ಪಲ್ಯ ಎಂದು ತಿಳಿಯಬೇಕಿತ್ತು, ಅಷ್ಟೇ. ಯಾರಾದರೂ ಮುಖ ಸಣ್ಣದು ಮಾಡಿದರೆ, "ಸುಮ್ನ ಕೇಳಿದ್ನಿ ತಂಗಿ, ಸಿಟ್ಟಾಗಬ್ಯಾಡ," ಎನ್ನುತ್ತಿದ್ದರು.

ಒಮ್ಮೆ ಅವರ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಬನಹಟ್ಟಿಯಲ್ಲಿ ಅವರ ಪಕ್ಕ ಕೂತವನು ಅಪರಿಚಿತ, ತುಬಚಿ ಕಡೆಯ ರೈತ. ಆತ ಜಮಖಂಡಿಯಲ್ಲಿ ಇಳಿಯುವ ಹೊತ್ತಿಗೆ ಆತನ ತಂಗಿಯ ಗಂಡನನ್ನು ಯಾವ ಡಾಕ್ಟರರಿಗೆ ತೋರಿಸಬೇಕೆಂದು ಮಾಮಾ ತೀರ್ಮಾನ ಕೊಟ್ಟಾಗಿತ್ತು. ಆತ ಇಳಿದು ಕಿಟಕಿಯ ಕೆಳಗೆ ನಿಂತು ಕೈ ಮುಗಿದ. ಇಷ್ಟು ಕೇಳಿದರೂ ಜನಕ್ಕೆ ಬೇಜಾರಾಗುವುದಿಲ್ಲವಲ್ಲ ಎಂದು ನನಗೆ ಸೋಜಿಗ. ಬಹುಶಃ ಅವರ ಕೇಳುವಿಕೆಯಲ್ಲಿ ಪಡೆಯುವ ಆಸೆ ಇರಲಿಲ್ಲ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣವೂ ಇರಲಿಲ್ಲ. ಬೆಳಿಗ್ಗೆ ಒಬ್ಬರು ಹೇಳಿದ್ದು ಸಂಜೆಯ ಹೊತ್ತಿಗೆ ಎದುರಿನ ನೂಲಿನ ಅಂಗಡಿಯವರಿಗೂ ಗೊತ್ತಾಗಿರುತ್ತಿತ್ತು.

ಸೀರೆ ತೋರಿಸುವ ಮೊದಲು ಅವರದು ಒಂದೇ ಪ್ರಶ್ನೆ: "ಯಾತಕ್ಕರೀ ಸೀರಿ?" ಮದುವೆಗೋ, ಮನೆ ಒಕ್ಕಲಿಗೋ, ಕುಬಸಕ್ಕೋ. ನಮ್ಮ ಕಡೆ ಬಸುರಿಗೆ ಐದು ಅಥವಾ ಏಳನೇ ತಿಂಗಳಲ್ಲಿ ಕುಬಸ, ಎಂದರೆ ಸೀಮಂತ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಕುಬಸವೆಂದೇ ಕರೆಯುವ ಹೊಸ ರವಿಕೆ ತವರಿನಿಂದ ಬರಬೇಕು. ಹಸಿರು ಸೀರೆ ಕೇಳಿದವರ ಮುಖ ನೋಡಿಯೇ ಅವರು ನಗುತ್ತಿದ್ದರು. ಹೆಂಗಸರು ನಾಚಿ ಎಲ್ಲ ಹೇಳುತ್ತಿದ್ದರು. ಯಾವ ತಿಂಗಳು, ಯಾವ ಊರಿನ ಬೀಗರು, ಮೊದಲನೆಯದೋ ಎರಡನೆಯದೋ.

ಸಾವಕಾರರು ಅಂಗಡಿಗಳಿಗೆ ಕಂಪ್ಯೂಟರ್ ಹಾಕಿಸಿದಾಗ ಈ ಪ್ರಶ್ನೆಯೂ ಅದರೊಳಗೆ ಹೋಯಿತು. ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ, ನಾಲ್ಕೂ ಅಂಗಡಿಗಳ ಲೆಕ್ಕ ನನ್ನ ಮುಂದಿನ ಪರದೆಯ ಮೇಲೆ ಬರುವ ಹಾಗೆ ಮಾಡಿದರು. ಹೆಸರು, ಊರು, ಫೋನ್ ನಂಬರು ಸಾಕು ಎಂದಿದ್ದ ಸಾಫ್ಟ್‌ವೇರಿನ ಹುಡುಗನಿಗೆ ಮಾಮಾ ಇನ್ನೊಂದು ಕಾಲಂ ಸೇರಿಸಲು ಹೇಳಿದರು: 'ಕಾರಣ'. ಸೀರೆ ಯಾತಕ್ಕೆ ಎಂಬುದಕ್ಕೆ. ಅದನ್ನು ತುಂಬಿದ ಕೂಡಲೇ ಖಾತೆಯ ನಂಬರಿಗೆ ಒಂದು ಶುಭಾಶಯ ಹೋಗಬೇಕು, ಅದರ ಪ್ರತಿ ಖಾತೆಯ ಮತ್ತು ಶಾಖೆಯ ಹೆಸರಿನೊಂದಿಗೆ ತಮಗೂ ಬರಬೇಕು. ಮಾತುಗಳನ್ನು ತಾವೇ ಬರೆದುಕೊಟ್ಟರು. ದಿನವಿಡೀ ಟಿಣ್ ಟಿಣ್. ಮುಧೋಳದಲ್ಲಿ ಯಾರದೋ ನಿಶ್ಚಿತಾರ್ಥ, ಜಮಖಂಡಿಯಲ್ಲಿ ಯಾರದೋ ಅರವತ್ತರ ಶಾಂತಿ. ಕೂತಲ್ಲೇ ನಾಲ್ಕು ಊರಿನ ಸುದ್ದಿ ತಿಳಿಯುತ್ತದಲ್ಲ ಎಂದು ಮಕ್ಕಳ ಹಾಗೆ ಹಿಗ್ಗುತ್ತಿದ್ದರು.

ಆ ಕಾಲಮ್ಮಿಗೆ ಬೆಲೆ ಇದೆ ಎಂದು ಮೊದಲು ಕಂಡುಕೊಂಡವನು ಹುಬ್ಬಳ್ಳಿಯಿಂದ ಬಂದ ಒಬ್ಬ ಕಂಪನಿಯವನು. ನಿಮ್ಮ ಸೀರೆಗಳಿಗಿಂತ ನಿಮ್ಮ ಗಿರಾಕಿಗಳ ಮಾಹಿತಿಯೇ ಹೆಚ್ಚು ಬಾಳುತ್ತದೆ ಎಂದು ಸಾವಕಾರರಿಗೆ ಹೇಳಿದ. ಅದರಲ್ಲೂ ಹಸಿರು ಸೀರೆಯವರದು. ಆ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಮಗು ಹುಟ್ಟುತ್ತದೆ, ತೊಟ್ಟಿಲು, ಹಾಲಿನ ಪುಡಿ, ಬೆಳ್ಳಿ ಕಡಗ, ವಿಮೆ ಎಲ್ಲ ಬೇಕಾಗುತ್ತದೆ, ಮಾರುವವರು ಎಲ್ಲರಿಗಿಂತ ಮೊದಲು ಅಲ್ಲಿಗೆ ಮುಟ್ಟಬೇಕು. ಮಾಮಾ ಬಾಯಿ ತೆರೆದು ಕೇಳಿದರು. ಆತ ಹೋದ ಮೇಲೂ ಆ ಸರಪಳಿಯನ್ನು ತಾವೇ ಉದ್ದ ಮಾಡುತ್ತ ಕೂತರು: ಮಗುವಿಗೆ ಸಾಲೆಯ ಬ್ಯಾಗು, ಬ್ಯಾಗಾದ ಮೇಲೆ ಸೈಕಲ್ಲು, ಸೈಕಲ್ಲಾದ ಮೇಲೆ ಮೋಟಾರ್ ಸೈಕಲ್ಲು, ಅದಾದ ಮೇಲೆ ಆ ಮಗುವಿನ ಮದುವೆ, ಮತ್ತೆ ನಮ್ಮ ಸೀರೆ. ಸಾವಕಾರರು ಇನ್ನೂ ಹೂಂ ಎಂದಿರಲಿಲ್ಲ. ದೀಪಾವಳಿ ಆಗಲಿ, ನೋಡೋಣ ಎಂದಿದ್ದರು.

ಇನ್ನೊಂದು ಸಂಗತಿಯನ್ನೂ ಮಾಮಾ ಗಮನಿಸಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳಲು ಹಿಂಜರಿಯುವ ಹೆಂಗಸರು ಇಲ್ಲಿ ಈಗಲೂ ಇದ್ದಾರೆ. ಖಾತೆ ಯಾರ ಹೆಸರಲ್ಲಿದೆ ಎಂದರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ನಂಬರು ಕೇಳಿದರೆ ಮಾತ್ರ ಗಂಡನ ನಂಬರನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಗ್ಯಾಸಿಗೂ ಅದೇ, ರೇಷನ್ನಿಗೂ ಅದೇ, ಸೀರೆ ಅಂಗಡಿಗೂ ಅದೇ. "ಹೆಸರ ಹೇಳಾಕ ನಾಚಗಿ, ನಂಬರ ಹೇಳಾಕ ಇಲ್ಲ. ಎಂಥಾ ಮಜಾ ನೋಡ," ಎಂದು ಮಾಮಾ ತೊಡೆ ತಟ್ಟಿ ನಗುತ್ತಿದ್ದರು.

ಅವತ್ತು ಬೀಳಗಿಯಲ್ಲಿ ಆದದ್ದು ಅದೇ. ಆ ಹುಡುಗಿ ಆಶ್ರಯ ಪಡೆದದ್ದು ಸಂಬಂಧಿಕರ ಮನೆಯಲ್ಲಲ್ಲ. ಅಲ್ಲಿಗೆಲ್ಲ ಗಂಡ ಹುಡುಕಿಕೊಂಡು ಬಂದೇ ಬರುತ್ತಿದ್ದ. ತನ್ನ ಸಾಲೆಯ ಗೆಳತಿಯ ತಾಯಿಯ ಮನೆಯಲ್ಲಿದ್ದಳು. ತವರಿಲ್ಲದ ಹುಡುಗಿಗೆ ನಾನೇ ಕುಬಸ ಮಾಡುತ್ತೇನೆಂದು ಆ ತಾಯಿ ಅಂಗಡಿಗೆ ಕರೆತಂದಿದ್ದರು. ಹಣ ಅವರು ಕೊಟ್ಟರು. ಬಿಲ್ಲಿನವಳು ನಂಬರು ಕೇಳಿದಾಗ ಹುಡುಗಿ ಕೈಯಲ್ಲಿದ್ದ ಸೀರೆಯನ್ನು ನೋಡುತ್ತಲೇ ರೂಢಿಯಂತೆ ಗಂಡನ ನಂಬರು ಹೇಳಿದಳು.

ಖಾತೆಯಲ್ಲಿ ಗಂಡನ ಹೆಸರು ಓದಿದ ಕೂಡಲೇ ಮಾಮಾಗೆ ಹೊಳೆದಿತ್ತು. ಅವಳು ಮನೆ ಬಿಟ್ಟ ಸುದ್ದಿಯನ್ನು ಹತ್ತು ಜನಕ್ಕೆ ಹೇಳಿದವರು ಅವರೇ. ಬೀಳಗಿ ಅಂಗಡಿಗೆ ಫೋನು ಹಚ್ಚಿ, ಜೊತೆಗೆ ಬಂದವರು ಯಾರೆಂದು ತಿಳಿದುಕೊಂಡು, ಯಾರು ಕೇಳಿದರೂ ಏನೂ ಹೇಳಬೇಡಿ, ಆ ತಾಯಿಗೆ ಬಾಗಿಲು ಹಾಕಿಕೊಂಡಿರಲು ಹೇಳಿ ಕಳಿಸಿ ಎಂದರು. ಗಂಡನಿಗೆ ಹೋದ ಸಂದೇಶದಲ್ಲಿ ಶಾಖೆಯ ಹೆಸರು ಇರಲಿಲ್ಲ, ಅದೊಂದೇ ಸಮಾಧಾನ. ಹಾಗಾಗಿ ಅವನು ಕೇಳಲು ಬರುವುದಾದರೆ ದೊಡ್ಡ ಅಂಗಡಿಗೇ, ಎಂದರೆ ನಮ್ಮಲ್ಲಿಗೇ ಬರಬೇಕಿತ್ತು.

ಬಂದ. ಮಧ್ಯಾಹ್ನದ ಊಟದ ಹೊತ್ತು, ಗಿರಾಕಿಗಳಿರಲಿಲ್ಲ. ಇಸ್ತ್ರಿ ಹಾಕಿದ ಅಂಗಿ, ಬಾಚಿದ ತಲೆ, ನೂಲಿನ ದಲಾಲಿ ಮಾಡುವವನು. ಬಹಳ ಸೌಮ್ಯವಾಗಿ ಫೋನು ತೋರಿಸಿದ. "ನಮ್ಮ ಮನಿಯಾಕಿ ಸೀರಿ ತಗೊಂಡಾಳರೀ. ಯಾವ ಅಂಗಡ್ಯಾಗ ಅಂತ ನೋಡಿ ಹೇಳ್ರಲಾ."

ಬಿಲ್ಲು ತೋರಿಸಿದರೆ ಮಾತ್ರ ಹೇಳಬಹುದು ಎಂದೆ. ಅವನು ನಕ್ಕ. "ನಂಬರ ನಂದ ಐತಿ, ಖಾತೆ ನಂದ ಐತಿ. ನನ್ನ ಲೆಕ್ಕ ನನಗ ಹೇಳಾಕ ನಿಮಗೇನ ತ್ರಾಸರೀ?"

ಆ ಪ್ರಶ್ನೆಯನ್ನು ಈಗಲೂ ತಿರುವಿ ತಿರುವಿ ನೋಡುತ್ತೇನೆ. ಸೀರೆ ಅವಳದು, ಹೊಟ್ಟೆಯ ಮಗು ಅವಳದು, ಹಣ ಮೂರನೆಯವರದು. ನಮ್ಮ ಯಂತ್ರದ ಲೆಕ್ಕದಲ್ಲಿ ಮಾತ್ರ ಎಲ್ಲವೂ ಅವನದು. ನಾನು ತಡವರಿಸುವಾಗ ಅವನು ಮೇಜಿನ ಮೇಲಿಂದ ಬಾಗಿ ಪರದೆಯನ್ನು ತನ್ನ ಕಡೆ ತಿರುಗಿಸಲು ಕೈ ಹಾಕಿದ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಅಲ್ಲೇ ಇತ್ತು. ಇನ್ನೊಂದು ಕೈ ಅದನ್ನು ಯಾವಾಗ ಎತ್ತಿತೋ ತಿಳಿಯಲಿಲ್ಲ. ಅದರ ಅಲಗುಗಳು ಸ್ವಲ್ಪ ತೆರೆದಿದ್ದವು. ನಟ್ಟಿನ ಬುಡದಲ್ಲಿ ಒಂದು ನೀಲಿ ದಾರ ಸಿಕ್ಕಿಕೊಂಡಿತ್ತು. ನನ್ನ ಕುತ್ತಿಗೆಯಿಂದ ಅದು ಎಷ್ಟು ದೂರದಲ್ಲಿತ್ತೆಂದು ಪೊಲೀಸರು ಕೇಳಿದರು. ನನಗೆ ಆ ದಾರ ಕಂಡಿತ್ತು, ಅಷ್ಟು ಹತ್ತಿರ ಇತ್ತು.

ಆಗ ಮಾಮಾ ಮಾಡಿದ್ದನ್ನು ಹೇಳಿದರೆ ನಗು ಬರಬಹುದು. ಬಿಲ್ಲಿನ ಮೇಜು ಲಕ್ಷ್ಮಿ ಬರುವ ಜಾಗ, ಅದರ ಮೇಲೆ ಯಾರೂ ಮೊಣಕೈ ಸಹ ಊರಬಾರದು ಎಂದು ದಿನಾ ಬೈಯುತ್ತಿದ್ದವರು, ಸದ್ದಿಲ್ಲದೆ ಬಂದು ಆ ಮೇಜಿನ ಮೇಲೆ ಕೂತುಬಿಟ್ಟರು. ಪರದೆಗೂ ಅವನಿಗೂ ನಡುವೆ, ನನಗೂ ಕತ್ತರಿಗೂ ನಡುವೆ. ನನ್ನ ಕಣ್ಣಿಗೆ ಅವರ ಬಿಳಿ ಅಂಗಿಯ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

"ಊಟ ಆತೇನು?" ಎಂದು ಕೇಳಿದರು. ದನಿಯಲ್ಲಿ ಏನೂ ಬದಲಾಗಿರಲಿಲ್ಲ.

"ಅದ ಬ್ಯಾಡ. ನಿಮಗ ಗೊತ್ತೈತೋ ಇಲ್ಲೋ, ಅಷ್ಟ ಹೇಳ್ರಿ."

"ಗೊತ್ತೈತಿ."

"ಎಲ್ಲಿ?"

"ಹೇಳಂಗಿಲ್ಲ."

ಅವರ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಅಂಗಡಿಯಲ್ಲಿದ್ದ ಯಾರೂ ಕೇಳಿರಲಿಲ್ಲ. ಅವನು ಮತ್ತೆ ಕೇಳಿದ, ಮಾಮಾ ಮತ್ತೆ ಅದನ್ನೇ ಅಂದರು, ಕೇಳಿದಷ್ಟು ಸಲವೂ ಮೆಲ್ಲಗೆ. ಆಮೇಲೆ ಬೆನ್ನು ಒಮ್ಮೆ ಅಲುಗಿತು. ಅವರು ಕೈ ಅಡ್ಡ ಹಿಡಿದಿದ್ದರು, ಕತ್ತರಿ ಮುಂಗೈಯನ್ನು ಸೀಳಿತ್ತು. ಸೀರೆ ತೋರಿಸುವ ಹುಡುಗಿ ಹೊರಗೆ ಓಡಿ ಕೂಗಿದಳು. ಎದುರಿನ ನೂಲಿನ ಅಂಗಡಿಯ ಹಮಾಲರು ಬಂದು ಅವನನ್ನು ಹಿಡಿದರು. ಗಾದಿಯ ಬಿಳಿ ಹಾಸಿನ ಮೇಲೆ ರಕ್ತ ಬೀಳಬಾರದೆಂದು ಮಾಮಾ ಕೈಯನ್ನು ಎತ್ತಿ ಹಿಡಿದುಕೊಂಡೇ ಕೆಳಗಿಳಿದರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಕೇಳಿದೆ, ಗೊತ್ತಿಲ್ಲ ಎಂದಿದ್ದರೆ ಆಗುತ್ತಿರಲಿಲ್ಲವೇ, ಇಲ್ಲ ಮುಧೋಳ ಎಂದು ಸುಳ್ಳು ಹೇಳಬಹುದಿತ್ತಲ್ಲ ಎಂದು.

"ಮುಧೋಳದಾಗೂ ಬಿಲ್ಲಿಗೆ ಒಬ್ಬ ಹುಡಿಗಿ ಕುಂದರ್ತಾಳಲ್ಲವಾ," ಎಂದರು. "ಮತ್ತ ಗೊತ್ತಿಲ್ಲ ಅಂದಿದ್ರ ನಿನ್ನ ಕಡೆ ಹೊಳ್ಳತಿದ್ದ. ಗೊತ್ತೈತಿ ಅಂದ ಮ್ಯಾಲ ನನ್ನ ಬಿಟ್ಟ ಎಲ್ಲಿ ಹೋಗ್ಯಾನ?"

ಇಷ್ಟು ಹೇಳಿ ಹೊಲಿಗೆ ಹಾಕುತ್ತಿದ್ದ ನರ್ಸಿಗೆ ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಅವಳು ಉತ್ತರಿಸುವ ಮೊದಲೇ, ಬೇಡ ಬಿಡವ್ವಾ ಎಂದು ಬೇರೆ ಕಡೆ ನೋಡಿದರು.

ಅವನಿಗೆ ಬೇಗನೆ ಜಾಮೀನು ಸಿಕ್ಕಿತು. ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ನೀಲಿ ದಾರ. ಹಗಲಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆ: ಅವಳಿರುವ ಊರು ನನಗೆ ಗೊತ್ತು. ಅಂಗಡಿಗೆ ಬರುವಾಗ, ಹೋಗುವಾಗ, ಹಿಂದೆ ಯಾರಾದರೂ ಬರುತ್ತಿದ್ದರೆ, ಆ ಊರಿನ ಹೆಸರು ನನ್ನ ಹಣೆಯ ಮೇಲೆ ಬರೆದಿದೆ ಅನ್ನಿಸುತ್ತಿತ್ತು.

ಮಾಮಾ ಕೈಗೆ ಪಟ್ಟಿ ಕಟ್ಟಿಕೊಂಡೇ ಸಾಫ್ಟ್‌ವೇರಿನ ಹುಡುಗನನ್ನು ಕರೆಸಿದರು. ಆ ಬಿಲ್ಲನ್ನು ಅಳಿಸು ಎಂದರು. ಅವನು ಅಳಿಸಿದ. ಪರದೆಯಿಂದ ಹೋಯಿತು. ಹೋದದ್ದು ಎಲ್ಲಿಗೆ ಹೋಯಿತು ಎಂದು ಮಾಮಾ ಕೇಳಿದರು. ಹಳೆಯ ಮಾಮಾ ತಿರುಗಿ ಬಂದ ಹಾಗಿತ್ತು, ಬಿಡಲೇ ಇಲ್ಲ. ಪ್ರತಿ ಎಲ್ಲಿದೆ, ಅದರ ಪ್ರತಿ ಎಲ್ಲಿದೆ, ಸಂದೇಶ ಕಳಿಸುವ ಕಂಪನಿ ಯಾವ ಊರಿನದು, ಅಲ್ಲಿ ಯಾರು ಕೂತು ಓದುತ್ತಾರೆ. ಕೊನೆಗೆ ಹುಡುಗ, ಇಲ್ಲಿ ಅಳಿಸಿದರೆ ನಮಗೆ ಕಾಣುವುದಿಲ್ಲ ಅಷ್ಟೇ, ಉಳಿದ ಕಡೆ ಇರುವುದು ನನ್ನ ಕೈಯಲ್ಲಿಲ್ಲ ಎಂದ.

"ನಾ ಒಬ್ಬಾಕಿನ್ನ ಕೇಳಿದ್ದೆ," ಎಂದರು ಮಾಮಾ. "ಕೇಳಿಸಿಕೊಂಡವರು ಇಷ್ಟ ಮಂದಿ ಅದಾರಂತ ನನಗ ಗೊತ್ತಿರಲಿಲ್ಲ."

ಅವತ್ತೇ ಸಾವಕಾರರ ಮುಂದೆ ಹೋಗಿ ನಿಂತರು. ಒಳಗೆ ಏನು ಮಾತಾಯಿತೋ ಪೂರ್ತಿ ಗೊತ್ತಿಲ್ಲ. ಸಾವಕಾರರು ಕೆಟ್ಟವರಲ್ಲ. ಹುಬ್ಬಳ್ಳಿಯವರು ಕೊಡುತ್ತೇನೆಂದದ್ದು ಒಂದು ದೀಪಾವಳಿಯ ವ್ಯಾಪಾರಕ್ಕಿಂತ ಹೆಚ್ಚು, ಅದನ್ನು ಸುಮ್ಮನೆ ಬಿಡು ಎಂದರೆ ಯಾವ ವ್ಯಾಪಾರಿಗಾದರೂ ಹೊಟ್ಟೆ ಉರಿಯುತ್ತದೆ. ಅವಳೊಬ್ಬಳದನ್ನು ತೆಗೆದು ಉಳಿದದ್ದು ಕೊಟ್ಟರಾಯಿತಲ್ಲ ಎಂದರಂತೆ. ಉಳಿದವರಲ್ಲಿ ಇಂಥವರು ಇನ್ನೆಷ್ಟು ಜನ ಇದ್ದಾರೆಂದು ನಿಮಗೆ ಗೊತ್ತೇ ಎಂದು ಮಾಮಾ ಕೇಳಿದರಂತೆ. ಹೊರಗೆ ಬಂದಾಗ ಅರ್ಧ ಗೆದ್ದಿದ್ದರು. ಹಸಿರು ಸೀರೆಯವರ ಮಾಹಿತಿ ಹುಬ್ಬಳ್ಳಿಗೆ ಹೋಗಲಿಲ್ಲ, 'ಕಾರಣ' ಎಂಬ ಕಾಲಮ್ಮೂ ಹೋಯಿತು. ನಂಬರು ಕೇಳುವುದು ಮಾತ್ರ ನಿಲ್ಲಲಿಲ್ಲ, ಈಗಲೂ ಕೇಳುತ್ತಾರೆ.

ಬೀಳಗಿ ಅಂಗಡಿಯಲ್ಲಿ ಹೊಲಿಯಲು ಕೊಟ್ಟಿದ್ದ ಅವಳ ಕುಬಸ ಸಿದ್ಧವಾಗಿತ್ತು. ಅದನ್ನು ತರಲು ಅವಳು ಅಂಗಡಿಗೆ ಬರುವ ಹಾಗಿರಲಿಲ್ಲ. ಮಾಮಾ ತಾವೇ ಹೊರಟು ನನ್ನನ್ನೂ ಕರೆದರು. ಗಂಡಸೊಬ್ಬನೇ ಬಾಗಿಲು ತಟ್ಟಿದರೆ ಹೆದರುತ್ತಾಳೆ ಎಂದರು. ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬೀಳಗಿ ಮುಟ್ಟಿ ಅಂಗಡಿಯಿಂದ ಕುಬಸ ತೆಗೆದುಕೊಂಡೆವು. ಬಸ್ಸಿನಲ್ಲಿ ಅವರ ಪಕ್ಕ ಕೂತವನ ಊರು ನನಗೆ ಇವತ್ತಿಗೂ ಗೊತ್ತಿಲ್ಲ.

ಹುಡುಗಿ ಚಿಕ್ಕವಳು, ನನ್ನ ವಾರಿಗೆಯವಳೇ. ಎಡಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಗೆಳತಿಯ ತಾಯಿ ಚಹಾ ಕೊಟ್ಟರು. ಮಾಮಾ ಕುಬಸದ ಗಂಟನ್ನು ಅವಳ ಮುಂದೆ ಇಟ್ಟು, ಆದದ್ದನ್ನೆಲ್ಲ ಮುಚ್ಚದೆ ಹೇಳಿದರು. ಸಂದೇಶದ ಮಾತುಗಳನ್ನು ಬರೆದವನು ನಾನೇ ಎಂದೂ ಹೇಳಿದರು.

"ನಂಬರ ಬಾಯಿಗೆ ಬಂದಬಿಡ್ತರೀ," ಎಂದಳು ಅವಳು. "ನನಗ ತಿಳೀಲೇ ಇಲ್ಲ. ನನ್ನ ತಪ್ಪ."

"ನಿಂದಲ್ಲವಾ. ನೀ ಹೇಳಾಕ ಬಂದಿರಲಿಲ್ಲ. ಕೇಳಿದವರು ನಾವು."

ಆಮೇಲೆ ಚಹಾ ಮುಗಿಯುವವರೆಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಷ್ಟನೇ ತಿಂಗಳು, ತವರು ಯಾವುದು, ಕೈಗೆ ಏನಾಯಿತು, ಮುಂದೆ ಏನು ಮಾಡುತ್ತೀ, ಯಾವುದೂ ಇಲ್ಲ. ಬಸಿಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು. ಅದು ಅವರಿಗೆ ಎಷ್ಟು ಕಷ್ಟದ್ದೆಂದು ನನಗೆ ಕಾಣುತ್ತಿತ್ತು. ಕತ್ತರಿಯ ಮುಂದೆ ಕೂತಾಗಲೂ ಅವರ ಹಣೆ ಅಷ್ಟು ಬೆವತಿರಲಿಲ್ಲ ಎಂದು ಕಾಣುತ್ತದೆ. ಏಳುವಾಗ ಅವಳ ತಲೆಯ ಮೇಲೆ ಕೈ ಇಟ್ಟು, ಆ ನಂಬರು ಮರೆತುಬಿಡು ಎಂದಷ್ಟೇ ಹೇಳಿದರು.

ಕಬ್ಬು ಕಟಾವು ಮುಗಿದು ಬಿಸಿಲೇರುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಆ ಗೆಳತಿಯ ತಾಯಿ ಬನಹಟ್ಟಿಯ ಅಂಗಡಿಗೆ ಬಂದರು. ಸೀರೆ ಕೊಳ್ಳಲು ಬಂದವರಲ್ಲ. ಸೀದಾ ಮಾಮಾನ ಎದುರು ಗಾದಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು ಎಂದರು. ನಾನು ಬಿಲ್ಲಿನ ಮೇಜು ಬಿಟ್ಟು ಬಂದು ಪಕ್ಕದಲ್ಲಿ ನಿಂತೆ.

"ಬೀಳಗಿ ಬಿಟ್ಟಳರೀ," ಎಂದರು ಆಕೆ ದನಿ ತಗ್ಗಿಸಿ. "ಕೂಸಿನ್ನ ಕರಕೊಂಡು ಹ್ವಾದ್ಲು. ಕೆಲಸಾನೂ ಸಿಕ್ಕೈತಿ. ಎಲ್ಲಿ ಅಂದ್ರ..."

ಮಾಮಾ ಕೈ ಎತ್ತಿದರು. ಮುಂಗೈಯ ಮೇಲಿನ ಗಾಯದ ಗುರುತು ನನ್ನ ಕಡೆಗಿತ್ತು.

"ಬ್ಯಾಡ. ಊರ ಹೆಸರ ಹೇಳಬ್ಯಾಡ್ರಿ."

ಮಾಮಾ ಚಹಾಕ್ಕೆ ಹೇಳಿದರು. ಆಕೆ ಬಸ್ಸು ಹಿಡಿದು ಹೋದ ಮೇಲೆ, ನಿಮಗೆ ತಿಳಿಯಬೇಕು ಅನ್ನಿಸಲಿಲ್ಲವೇ ಎಂದು ಕೇಳಿದೆ.

"ಜೀವಾ ತಡೀವಲ್ದು, ಬೀಕಾಂ," ಎಂದರು. "ಆದ್ರ ಈಗ ಯಾರರೆ ಬಂದ ಕೇಳಿದ್ರ, ಗೊತ್ತಿಲ್ಲ ಅಂತ ಖರೇನ ಹೇಳಬಹುದಲ್ಲ. ನೀನೂ ಹೇಳಬಹುದು."

ಸಂಜೆ ಮನೆಗೆ ನಡೆದು ಹೋಗುವಾಗ ಹಿಂದೆ ಯಾರೋ ಬರುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ಊಟ ಮಾಡಿ ಮಲಗಿದೆ. ಎಚ್ಚರವಾದಾಗ ಓಣಿಯಲ್ಲಿ ಮಗ್ಗಗಳು ಶುರುವಾಗಿದ್ದವು, ಕಿಟಕಿಯಲ್ಲಿ ಬಿಸಿಲಿತ್ತು, ಎರಡು ಸಲ ಎಬ್ಬಿಸಿದರೂ ನೀನು ಏಳಲಿಲ್ಲ ಎಂದಳು ಅವ್ವ.